ನಾಪಾಗೆ ಹೊರಟ ದಾವಣಗೆರೆಯ ಜೋಡಿಗೆ

ಅಕ್ಕನ ಮಗಳ ಮದುವೆಗೆ ಅಂತ ಫೆಬ್ರವರಿಯಲ್ಲಿ ದಾವಣಗೆರೆಗೆ ಬಂದಿದ್ದೆ. ಮದುವೆಯಾದ ನಾಲ್ಕನೇ ದಿನ ಸಂಜೆ ವಿದ್ಯಾನಗರದ ಮನೆಯಲ್ಲಿ ಎಲ್ಲರೂ ಹಾಲ್‌ನಲ್ಲಿ ಕೂತಿದ್ದೆವು. ನಡುವೆ ಪೇಪರ್ ಹಾಸಿ ಖಾರ ಮಂಡಕ್ಕಿ ಸುರಿದಿತ್ತು, ಪಕ್ಕದಲ್ಲಿ ಬಿಸಿ ಮಿರ್ಚಿ. ಹುಡುಗಿ ಮೊಬೈಲ್ ತಂದು ನನ್ನ ಕೈಗೆ ಕೊಟ್ಟಳು. "ಮಾವಾ, ನಮ್ಮ ಹನಿಮೂನ್ ಪ್ಲಾನ್ ನೋಡು. ನೀನು ಕ್ಯಾಲಿಫೋರ್ನಿಯಾದಲ್ಲೇ ಇರೋನು. ಸರಿ ಐತಾ ಹೇಳು" ಅಂದಳು.

ಏಳು ದಿನದ ಪ್ಲಾನ್. ಸ್ಯಾನ್ ಫ್ರಾನ್ಸಿಸ್ಕೊ, ಯೊಸೆಮಿಟಿ, ಲಾಸ್ ಏಂಜಲೀಸ್, ಲಾಸ್ ವೇಗಸ್. ನಡುವೆ ಒಂದು ದಿನ ಹೀಗೆ ಬರೆದಿತ್ತು: ನಾಪಾ ವ್ಯಾಲಿ, ಐದು ವೈನರಿ, ಕೋಟೆ ನೋಡುವುದು, ರಾತ್ರಿ ಒಳ್ಳೆಯ ಹೋಟೆಲ್‌ನಲ್ಲಿ ಊಟ.

ನಾಪಾ ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ದ್ರಾಕ್ಷಿ ತೋಟಗಳ ಕಣಿವೆ. ವೈನರಿ ಅಂದರೆ ವೈನ್ ಮಾಡುವ, ರುಚಿ ನೋಡಲು ಕೊಡುವ ಜಾಗ. ಪ್ಲಾನ್ ಓದಿ ನನಗೆ ಬೇಜಾರಾಯಿತು. ತಪ್ಪು ಅವರದಲ್ಲ. ನಾವು ಪ್ರವಾಸ ಹೋಗುವ ರೀತಿಯೇ ಅದು. ಟೆಂಪೋ ಟ್ರಾವೆಲರ್ ಮಾಡಿಕೊಂಡು ಎರಡು ದಿನದಲ್ಲಿ ಶೃಂಗೇರಿ, ಹೊರನಾಡು, ಧರ್ಮಸ್ಥಳ, ಸುಬ್ರಹ್ಮಣ್ಯ ಮುಗಿಸಿ ಬರುತ್ತೇವೆ. ದೇವರ ದರ್ಶನಕ್ಕೆ ಆ ರೀತಿ ಸರಿಯೇ. ಒಂದು ಕ್ಷಣ ಕಂಡರೂ ಮನಸ್ಸು ತುಂಬುತ್ತದೆ. ದ್ರಾಕ್ಷಿ ತೋಟದ ಊರಿಗೆ ಅದೇ ಲೆಕ್ಕ ಹಿಡಿದು ಹೋದರೆ ಏನೂ ಸಿಗುವುದಿಲ್ಲ. ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ.

2009ರಲ್ಲಿ, ಮದುವೆಯಾಗಿ ಮೂರು ತಿಂಗಳಿಗೆ, ನಾನೂ ನನ್ನ ಹೆಂಡತಿಯೂ ನಾವಿರುವ ಫ್ರೀಮಾಂಟ್‌ನಿಂದ ಬೆಳಿಗ್ಗೆಯೇ ಹೊರಟು ನಾಪಾಗೆ ಹೋದೆವು. ನನ್ನ ಪಟ್ಟಿಯಲ್ಲೂ ಐದು ವೈನರಿ ಇದ್ದವು. ಮಧ್ಯಾಹ್ನ ಊಟಕ್ಕೆ ಕೂರಲಿಲ್ಲ, ಕಾರಿನಲ್ಲೇ ಬಿಸ್ಕತ್ತು ತಿಂದೆವು. ಅವಳು ವೈನ್ ಕುಡಿಯುವುದಿಲ್ಲ. ನಾಲ್ಕು ಕಡೆಯೂ ನನ್ನ ಪಕ್ಕ ಕೈಚೀಲ ಹಿಡಿದು ನಿಂತೇ ಇದ್ದಳು. ನಿನಗೇನು ಬೇಕು ಅಂತ ನಾನು ಒಂದು ಸಲವೂ ಕೇಳಲಿಲ್ಲ. ಐದನೆಯ ಕಡೆ, ಮೊದಲೇ ಬುಕ್ ಮಾಡಿಲ್ಲ ಅಂತ ಒಳಗೆ ಬಿಡಲಿಲ್ಲ. ವಾಪಸ್ ಬರುವಾಗ ಕಾರು ಓಡಿಸಿದ್ದೂ ನಾನೇ. ಓಡಿಸಬಾರದಿತ್ತು. ಎರಡು ಗಂಟೆಯ ದಾರಿಯಲ್ಲಿ ಅವಳು ಮಾತಾಡಲಿಲ್ಲ. ಹದಿನೇಳು ವರ್ಷವಾದರೂ ಆ ದಿನ ನೆನಪಾದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಅದಕ್ಕೇ ಅವತ್ತು ಲಗ್ನಪತ್ರಿಕೆಯ ಲಕೋಟೆಯೊಂದನ್ನು ಎತ್ತಿಕೊಂಡು, ಹಿಂದುಗಡೆ ಹೊಸದಾಗಿ ಬರೆಯಲು ಕೂತೆ.

ನಾಪಾ ಕಣಿವೆ ದೊಡ್ಡದಲ್ಲ. ಉದ್ದ ಸುಮಾರು 48 ಕಿಲೋಮೀಟರ್. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗುವುದಕ್ಕಿಂತ ಕಡಿಮೆ. ಅಷ್ಟರಲ್ಲೇ 400ಕ್ಕೂ ಹೆಚ್ಚು ವೈನರಿಗಳಿವೆ. ಉದ್ದಕ್ಕೂ ಎರಡು ರಸ್ತೆ. ಹೈವೇ 29ರಲ್ಲಿ ಗದ್ದಲ ಜಾಸ್ತಿ. ಪೂರ್ವದ ಅಂಚಿನ ಸಿಲ್ವರಾಡೊ ಟ್ರೇಲ್ ಶಾಂತವಾಗಿರುತ್ತದೆ. ಹತ್ತಿರ ಹತ್ತಿರ ಇವೆ ಅನ್ನುವುದಕ್ಕೇ ಜನ ಮೋಸ ಹೋಗುವುದು. ಇಲ್ಲೇ ಇದೆಯಲ್ಲ, ಅದನ್ನೂ ನೋಡಿಬಿಡೋಣ ಅನ್ನಿಸುತ್ತದೆ. ಒಂದು ಕಡೆ ಕೂತರೆ ಒಂದೂವರೆ ಗಂಟೆ ಬೇಕು. ಹೆಚ್ಚಿನ ಕಡೆ ಮೊದಲೇ ಸಮಯ ಗೊತ್ತು ಮಾಡಿಕೊಂಡಿರಬೇಕು. ಆ ಜಿಲ್ಲೆಯಲ್ಲಿ 1990ರಿಂದ ಈಚೆಗೆ ಶುರುವಾದ ವೈನರಿಗಳಿಗೆ ಅದು ನಿಯಮವೇ.

"ಅಷ್ಟು ಹೊತ್ತು ಒಂದೇ ಕಡೆ ಕೂತು ಏನ್ ಮಾಡ್ತಾರ್ರಿ?" ಅಂತ ಅಳಿಯ ಕೇಳಿದರು. ಅವರು ಚಿತ್ರದುರ್ಗದವರು.

ನನಗೆ ಚನ್ನಗಿರಿಯ ಅಡಿಕೆ ಮಂಡಿ ನೆನಪಾಯಿತು. ಚಿಕ್ಕವನಿದ್ದಾಗ ಅಪ್ಪನ ಜೊತೆ ಹೋಗುತ್ತಿದ್ದೆ. ಅಲ್ಲಿ ವ್ಯಾಪಾರಿ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ರಾಶಿ ಅಡಿಕೆ ತೆಗೆದು, ಅಂಗೈಯಲ್ಲಿ ಹರಡಿ, ಬಾಗಿಲ ಬೆಳಕಿಗೆ ಹಿಡಿಯುತ್ತಿದ್ದ. ಒಂದನ್ನು ಅಡಕೊತ್ತಿನಲ್ಲಿ ಕತ್ತರಿಸಿ ಒಳಗಿನ ಬಣ್ಣ ನೋಡುತ್ತಿದ್ದ. ಮೂಗಿನ ಹತ್ತಿರ ತರುತ್ತಿದ್ದ. ಚೂರು ಅಗಿದು, ಉಗುಳಿ, ಆಮೇಲೆ ಬೆಲೆ ಹೇಳುತ್ತಿದ್ದ. ಅದು ಯಾರ ತೋಟದ್ದು ಅಂತ ಅವನು ಕೇಳುತ್ತಿರಲಿಲ್ಲ.

ವೈನ್ ರುಚಿ ನೋಡುವುದೂ ಹಾಗೆಯೇ. ದೊಡ್ಡ ಗ್ಲಾಸಿನ ತಳದಲ್ಲಿ ಎರಡು ಮೂರು ಗುಟುಕಷ್ಟೇ ಹಾಕುತ್ತಾರೆ. ಗ್ಲಾಸು ಓರೆ ಮಾಡಿ, ಕೆಳಗೆ ಬಿಳಿ ಕಾಗದ ಹಿಡಿದು ಬಣ್ಣ ನೋಡಬೇಕು. ಒಂದು ಸುತ್ತು ತಿರುಗಿಸಿದರೆ ವಾಸನೆ ಮೇಲೇಳುತ್ತದೆ. ಆಗ ಮೂಗು ಒಳಗಿಡಬೇಕು. ಆಮೇಲೆ ಒಂದು ಗುಟುಕು, ನಾಲಗೆಯ ಮೇಲೆ ಆಡಿಸಿ. ಮೊದಲು ಬಿಳಿಯದು, ಕೊನೆಗೆ ಕೆಂಪು. ನಾಪಾದ ಹೆಸರು ದೊಡ್ಡದಾಗಿದ್ದು ಕ್ಯಾಬರ್ನೆ ಸೊವಿನ್ಯೋನ್ ಅನ್ನುವ ಕೆಂಪು ವೈನ್‌ಗೆ. 1976ರ ಮೇ 24ರಂದು ಪ್ಯಾರಿಸ್‌ನಲ್ಲಿ ಫ್ರಾನ್ಸಿನ ತಜ್ಞರು ಫ್ರಾನ್ಸಿನ ವೈನ್, ಕ್ಯಾಲಿಫೋರ್ನಿಯಾದ ವೈನ್ ಎರಡನ್ನೂ ಯಾವುದು ಯಾರದು ಅಂತ ಗೊತ್ತಿಲ್ಲದೆ ರುಚಿ ನೋಡಿದರು. ಕೆಂಪಿನಲ್ಲೂ ಬಿಳಿಯಲ್ಲೂ ಮೊದಲು ಬಂದದ್ದು ನಾಪಾದ ವೈನರಿಗಳು, ಎರಡೂ 1973ರ ವೈನ್. ಮಂಡಿಯಲ್ಲಿ ಆಗುವಂತೆಯೇ, ಹೆಸರು ನೋಡದೆ ಮಾಲು ನೋಡಿದರು.

ಹೀಗಾಗಿ ಇದು ನಮಗೆ ಬರದ ವಿದ್ಯೆ ಏನಲ್ಲ. ನಮ್ಮಲ್ಲಿ ಇಲ್ಲದಿರುವುದು ಬೇರೆ. ಪ್ರತಿ ಟೇಬಲ್ ಮೇಲೂ ಅಲ್ಲಿ ಒಂದು ಪಾತ್ರೆ ಇಟ್ಟಿರುತ್ತಾರೆ. ಸಾಕು ಅನ್ನಿಸಿದರೆ ಗ್ಲಾಸಿನಲ್ಲಿ ಉಳಿದದ್ದನ್ನು ಅದಕ್ಕೆ ಸುರಿಯಬಹುದು. ಬಾಯಲ್ಲಿ ಇದ್ದದ್ದನ್ನೂ ಉಗುಳಬಹುದು. ಹಾಕಿಕೊಟ್ಟವರು ಬೇಜಾರು ಮಾಡಿಕೊಳ್ಳುವುದಿಲ್ಲ. ಯಾಕೆ ಬಿಟ್ಟಿರಿ ಅಂತ ಕೇಳುವುದೂ ಇಲ್ಲ.

ಈಗ ನಮ್ಮ ಹುಡುಗಿಯ ಆ ನಾಲ್ಕು ದಿನ ನೋಡಿ. ಮದುವೆಯಾದ ಜೋಡಿಯನ್ನು ಮನೆ ಮನೆಗೆ ಊಟಕ್ಕೆ ಕರೆಯುತ್ತಾರೆ. ದೊಡ್ಡಪ್ಪನ ಮನೆ, ಅಜ್ಜಿಯ ತವರು, ಪಕ್ಕದ ಮನೆಯವರು, ಅಳಿಯನ ಸೋದರತ್ತೆ. ಹೋದಲ್ಲೆಲ್ಲ ಹೋಳಿಗೆ, ಕಟ್ಟಿನ ಸಾರು, ತುಪ್ಪ, ಹಾಲು, ಬಜ್ಜಿ. ಉಡಿ ತುಂಬಿ ಸೀರೆ ಕೊಟ್ಟು ಕಳಿಸುತ್ತಾರೆ. ಎಷ್ಟು ಪ್ರೀತಿ ಅದು! ಈ ಪ್ರೀತಿಗೆ ಬುಕಿಂಗ್ ಬೇಡ, ದುಡ್ಡು ಬೇಡ. ಕ್ಯಾಲಿಫೋರ್ನಿಯಾದಲ್ಲಿ ಇಷ್ಟು ವರ್ಷ ಇದ್ದರೂ ಇಂಥ ಒಂದು ಬಾಗಿಲು ನನಗೆ ಸಿಕ್ಕಿಲ್ಲ. ಅಲ್ಲಿ ಒಳಗೆ ಹೋಗಬೇಕಾದರೆ ಹೆಸರು ಪಟ್ಟಿಯಲ್ಲಿರಬೇಕು, ಕಾರ್ಡ್ ಕೊಡಬೇಕು. ನಮ್ಮ ಈ ರೀತಿ ಯಾವತ್ತೂ ಹೋಗಬಾರದು ಅಂತ ನಾನು ಮನಸಾರೆ ಬಯಸುತ್ತೇನೆ.

ಆದರೆ ಎರಡನೇ ದಿನ ರಾತ್ರಿ ನಾನೂ ಅವರ ಜೊತೆ ಒಂದು ಮನೆಗೆ ಊಟಕ್ಕೆ ಹೋಗಿದ್ದೆ. ಹುಡುಗಿಯ ಎಲೆಯ ಮೇಲೆ ಮೂರನೇ ಹೋಳಿಗೆ ಬಿತ್ತು. ಸಾಕು ಅಂತ ಎರಡೂ ಕೈ ಅಡ್ಡ ಹಿಡಿದಳು. ಬೆರಳ ಸಂದಿಯಲ್ಲೇ ತುಪ್ಪ ಹೊಯ್ದರು. ಬಿಡುವ ಹಾಗಿಲ್ಲ, ಬಿಟ್ಟರೆ ಮಾಡಿದವರಿಗೆ ನೋವು. ನೀರು ಕುಡಿದು ಕುಡಿದು ತಿಂದಳು. ಕಣ್ಣಲ್ಲಿ ನೀರಿತ್ತು. ಅಳಿಯ ದೂರದಲ್ಲಿ ಗಂಡಸರ ಸಾಲಿನಲ್ಲಿ ಕೂತಿದ್ದರು. ಮದುವೆಯಾದಾಗಿನಿಂದ ಇಬ್ಬರೂ ಒಟ್ಟಿಗೆ ಕೂತು, ತಮಗೆ ಬೇಕಾದ್ದನ್ನು ತಾವೇ ಕೇಳಿ ಹಾಕಿಸಿಕೊಂಡು, ಮಾತಾಡುತ್ತ ಒಂದು ಊಟ ಮಾಡಿರಲಿಲ್ಲ. ಬೆಣ್ಣೆ ದೋಸೆ ತಿನ್ನಲು ಹೋಗಿದ್ದರಂತೆ. ಬಿಳಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ, ಮೇಲೆ ಕರಗುವ ಬೆಣ್ಣೆ. ಆ ರುಚಿಗೆ ಸಾಟಿ ಇಲ್ಲ. ಅಲ್ಲೂ ಕುರ್ಚಿಯ ಹಿಂದೆ ಜನ ಕಾಯುತ್ತಿದ್ದರು. ಹತ್ತು ನಿಮಿಷದಲ್ಲಿ ಎದ್ದು ಬಂದರು.

ನಾಪಾದಿಂದ ಈ ಮಕ್ಕಳಿಗೆ ಸಿಗಬೇಕಾದ್ದು ಇದೇ ಅಂತ ನನಗೆ ಅನ್ನಿಸಿದ್ದು. ಇಬ್ಬರೇ ಕೂರುವ ಒಂದು ಟೇಬಲ್, ಎದ್ದೇಳಿ ಅನ್ನದ ಮೂರು ಗಂಟೆ, ಸಾಕು ಅಂದರೆ ಸಾಕು ಅಂತ ಒಪ್ಪುವ ಜನ. ವೈನ್ ಅದರ ಜೊತೆಗೆ ಬರುವ ಒಂದು ಪದಾರ್ಥ, ಅಷ್ಟೆ.

ಲಾಸ್ ವೇಗಸ್, ಲಾಸ್ ಏಂಜಲೀಸ್ ಎರಡನ್ನೂ ಹೊಡೆದು ಹಾಕಿದೆ. ದ್ರಾಕ್ಷಿ ಸೀಮೆಗೆ ಮೂರು ರಾತ್ರಿ ಕೊಟ್ಟೆ. ವಾರದ ನಡುವೆ ಹೋದರೆ ರೂಮಿನ ಬಾಡಿಗೆ ಕಡಿಮೆ, ಜನವೂ ಕಡಿಮೆ. ಮಾರ್ಚ್ ಮೊದಲ ವಾರಕ್ಕೆ ಅಂದಾಗ ಹುಡುಗಿ, "ಆಗ ದ್ರಾಕ್ಷಿನೇ ಇರಲ್ಲ ಅಲ್ವಾ ಮಾವಾ?" ಅಂದಳು. ನಿಜ, ಕೊಯ್ಲು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಮಾರ್ಚ್‌ನಲ್ಲಿ ಬಳ್ಳಿಗಳು ಬೋಳಾಗಿರುತ್ತವೆ. ಆದರೆ ಸಾಲುಗಳ ನಡುವೆ ಸಾಸಿವೆ ಹೂ ಬಿಟ್ಟಿರುತ್ತದೆ. ಇಡೀ ಕಣಿವೆ ಹಳದಿ. ವರ್ಷದಲ್ಲಿ ನನಗೆ ತುಂಬ ಇಷ್ಟವಾದ ಕಾಲ ಅದೇ. ಕೊಯ್ಲಿನ ಕಾಲದಲ್ಲಿ ಎಲ್ಲವೂ ದುಬಾರಿ, ಜೊತೆಗೆ ಕಾಳ್ಗಿಚ್ಚಿನ ಭಯ. 2017ರ ಅಕ್ಟೋಬರ್‌ನಲ್ಲಿ, ಮತ್ತೆ 2020ರ ಸೆಪ್ಟೆಂಬರ್‌ನಲ್ಲಿ ಬೆಂಕಿ ಎಷ್ಟೋ ಮನೆ, ವೈನರಿಗಳನ್ನು ಸುಟ್ಟಿತು. ಆ ತಿಂಗಳುಗಳಲ್ಲಿ ಹೋಗುವವರು ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ಹಾಗೆ ರೂಮ್ ಮಾಡಿಕೊಳ್ಳಬೇಕು.

ದಿನಕ್ಕೆ ಎರಡೇ ವೈನರಿ. ಬೆಳಿಗ್ಗೆ ಚೆನ್ನಾಗಿ ತಿಂಡಿ ತಿಂದು ಹತ್ತೂವರೆಗೆ ಒಂದು, ಆಮೇಲೆ ನಿಧಾನದ ಊಟ, ಮೂರು ಗಂಟೆಗೆ ಇನ್ನೊಂದು. ಎರಡನೆಯದು ಬೇಡ ಅನ್ನಿಸಿದರೆ ಬಿಡುವುದು. ಒಂದು ದಿನ ಪಕ್ಕದ ಸೊನೋಮಾಗೆ. ಅಲ್ಲಿ ಊರೂ ಜನರೂ ಇನ್ನಷ್ಟು ಸರಳ. ಹೀಲ್ಡ್ಸ್‌ಬರ್ಗ್ ಕಡೆ ಒಂದೇ ವೈನರಿ ನೋಡಿ, ಮಧ್ಯಾಹ್ನ ಬೊಡೇಗಾ ಬೇಯಲ್ಲಿ ಸಮುದ್ರ ನೋಡುತ್ತ ಕೂರಬಹುದು. ಗಾಡಿಗೆ ಡ್ರೈವರ್ ಇರಲೇಬೇಕು. ಗಾಡಿ ಓಡಿಸುವವರಿಗೆ ಕ್ಯಾಲಿಫೋರ್ನಿಯಾದ ಮಿತಿ 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ ಆಲ್ಕೋಹಾಲ್, ನಮ್ಮ ದೇಶದಲ್ಲಿ 30. ಅಲ್ಲಿ ಜಾಸ್ತಿ ಇದೆಯಲ್ಲ ಅಂತ ಧೈರ್ಯ ಮಾಡಬಾರದು. ಒಂದು ಹನಿ ಕುಡಿದರೂ ಓಡಿಸಬಾರದು ಅಂತಲೇ ಬರೆದುಕೊಟ್ಟೆ. ಪಾಸ್‌ಪೋರ್ಟ್ ಜೊತೆಗಿರಲಿ. 21 ತುಂಬಿದೆ ಅಂತ ತೋರಿಸಬೇಕಾಗುತ್ತದೆ.

ಅಳಿಯ ನಾಪಾದ ಕ್ಯಾಲಿಸ್ಟೋಗಾ ಊರಿನ ಆ ಕೋಟೆ ನೋಡಬೇಕು ಅಂದರು. ಇಟಲಿಯ ಹಳೆಯ ಕೋಟೆಯ ಹಾಗೆ ಕಟ್ಟಿದ ವೈನರಿ, ಬಾಗಿಲು ತೆರೆದದ್ದು 2007ರಲ್ಲಿ. ಚೆನ್ನಾಗಿದೆ, ನೋಡಲಿ. ಆದರೆ ಏಳುಸುತ್ತಿನ ಕೋಟೆಯ ಊರಿನಲ್ಲಿ ಹುಟ್ಟಿದವರು ಅದಕ್ಕಾಗಿ ಒಂದು ಊಟ ಕಳೆದುಕೊಳ್ಳಬೇಕಾಗಿಲ್ಲ. ಕ್ಯಾಲಿಸ್ಟೋಗಾದಲ್ಲೇ ಬಿಸಿ ಕೆಸರಿನ ಸ್ನಾನ ಇದೆ. ಅದಕ್ಕೆ ಹೋಗಿ ಅಂದೆ.

ಊಟದ ವಿಷಯಕ್ಕೆ ಲಕೋಟೆಯ ಅರ್ಧ ಜಾಗ ಹೋಯಿತು. ಇವರಿಬ್ಬರೂ ಮಾಂಸ, ಮೀನು, ಮೊಟ್ಟೆ ಮುಟ್ಟುವುದಿಲ್ಲ. ಅಲ್ಲಿ ವೆಜಿಟೇರಿಯನ್ ಅಂದರೂ ಮೊಟ್ಟೆ ಇರಬಹುದು. ಸೂಪಿಗೆ ಕೋಳಿ ಬೇಯಿಸಿದ ನೀರು ಹಾಕಿರಬಹುದು. ಬುಕ್ ಮಾಡುವಾಗಲೇ ಇದನ್ನು ಬಿಡಿಸಿ ಬರೆಯಬೇಕು. ಹಾಗೆ ಹೇಳಿದರೆ ಎಷ್ಟು ಶ್ರದ್ಧೆಯಿಂದ ಮಾಡಿಕೊಡುತ್ತಾರೆ ಅಂದರೆ ನನಗೆ ಮೊದಲ ಸಲ ನಂಬಲಾಗಲಿಲ್ಲ. ಯೌಂಟ್‌ವಿಲ್‌ನ ಫ್ರೆಂಚ್ ಲಾಂಡ್ರಿ ಜಗತ್ತಿಗೇ ಗೊತ್ತಿರುವ ಹೋಟೆಲ್. ಥಾಮಸ್ ಕೆಲ್ಲರ್ 1994ರಿಂದ ನಡೆಸುತ್ತಿದ್ದಾರೆ. ಅಲ್ಲೂ ಬರೀ ತರಕಾರಿಯ ಪೂರ್ತಿ ಊಟ ಬೇರೆಯೇ ಇದೆ. ಅಷ್ಟು ದುಡ್ಡು ಹಾಕಿ ಅಲ್ಲಿಗೇ ಹೋಗಬೇಕು ಅಂತ ನಾನು ಹೇಳುವುದಿಲ್ಲ. ಅದೇ ಊರಿನ ಚಿಕ್ಕ ಹೋಟೆಲ್ಲೊಂದರಲ್ಲಿ ನಾವು ತಿಂದ ಬೀಟ್‌ರೂಟ್ ನೆನಪಿದೆ. ಮೂರು ಬಣ್ಣದ ಬೀಟ್‌ರೂಟ್, ಸುಟ್ಟು ಸಿಪ್ಪೆ ತೆಗೆದದ್ದು, ಮೇಲೆ ಸ್ವಲ್ಪ ಉಪ್ಪು. ಬಡಿಸಿದ ಹುಡುಗ ಅದು ಯಾವ ತೋಟದ್ದು, ಬೆಳಿಗ್ಗೆ ಎಷ್ಟು ಹೊತ್ತಿಗೆ ಕಿತ್ತದ್ದು ಅಂತ ಹೇಳಿದ. ನನ್ನ ಹೆಂಡತಿ ಎರಡು ಸಲ ಹಾಕಿಸಿಕೊಂಡಳು. ಅವಳ ಮುಂದೆ ದ್ರಾಕ್ಷಿ ರಸದ ಗ್ಲಾಸಿತ್ತು. 2009ರ ಆ ದಿನ ನಾನು ಕೇಳದೆ ಬಿಟ್ಟದ್ದನ್ನು ಅವತ್ತು ಕೇಳಿದ್ದೆ.

ಅಕ್ಕ ಅಷ್ಟು ಹೊತ್ತೂ ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ, "ಅಲ್ಲೋ, ಹೊಸದಾಗಿ ಮದುವೆ ಆದೋರಿಗೆ ಕುಡಿಯೋ ಜಾಗಕ್ಕೆ ಹೋಗು ಅಂತಿ" ಅಂದಳು. ಅವಳ ಭಯ ನನಗೆ ಅರ್ಥವಾಗುತ್ತದೆ. 2007ರಲ್ಲಿ ಸಾರಾಯಿ ನಿಷೇಧವಾಗುವವರೆಗೆ ನಮ್ಮ ಹಳೆಯ ಮನೆಯ ಓಣಿಯ ಕೊನೆಗೆ ಸಾರಾಯಿ ಅಂಗಡಿ ಇತ್ತು. ಸಂಬಳದ ದಿನ ಮಿಲ್ಲಿನ ಹೆಂಗಸರು ಅದರ ಮುಂದೆ ನಿಂತು ಗಂಡಂದಿರಿಗೆ ಕಾಯುವುದನ್ನು ನಾವಿಬ್ಬರೂ ನೋಡಿ ಬೆಳೆದವರು. ಅದನ್ನು ಕಂಡವರಿಗೆ ಕುಡಿತದಲ್ಲಿ ಒಳ್ಳೆಯ ಕುಡಿತ, ಕೆಟ್ಟ ಕುಡಿತ ಅಂತ ಎರಡು ಇರುವುದಿಲ್ಲ. ನಾನು ಅವಳ ಜೊತೆ ವಾದ ಮಾಡಲಿಲ್ಲ. ಅಳಿಯನಿಗೆ ಒಂದೇ ಮಾತು ಹೇಳಿದೆ: ನೀವು ರುಚಿ ನೋಡಿ, ಅವಳಿಗೆ ಒತ್ತಾಯ ಮಾಡಬೇಡಿ. ಒಬ್ಬರ ಟೇಸ್ಟಿಂಗ್‌ಗೆ ದುಡ್ಡು ಕೊಟ್ಟು ಇಬ್ಬರೂ ಕೂರಲು ಕೆಲವು ಕಡೆ ಬಿಡುತ್ತಾರೆ. ಬುಕ್ ಮಾಡುವಾಗ ಕೇಳಿ. ಒಬ್ಬರಿಗೆ 40, 50 ಡಾಲರ್ ಅಂದರೂ ಅದು ಸಣ್ಣ ದುಡ್ಡಲ್ಲ.

ಅಮೆರಿಕದವರೆಗೆ ಹೋಗಲಾಗದ ಜೋಡಿಗಳು ನಂದಿ ಬೆಟ್ಟದ ಬುಡಕ್ಕೆ, ದೊಡ್ಡಬಳ್ಳಾಪುರದ ಕಡೆಗೆ ಹೋಗಬಹುದು, ಇಲ್ಲ ನಾಸಿಕ್‌ಗೆ. ಎರಡೂ ಕಡೆ ತೋಟ ತೋರಿಸಿ ರುಚಿ ನೋಡಲು ಕೊಡುತ್ತಾರೆ. ಲೆಕ್ಕ ಮಾತ್ರ ಇದೇ ಇರಲಿ, ದಿನಕ್ಕೆ ಎರಡು.

ಲಕೋಟೆ ಹುಡುಗಿಯ ಕೈಗೆ ಕೊಟ್ಟೆ. ಅವಳು ಓದಿ, "ಮಾವಾ, ನೀನು ಅತ್ತೆ ಇಬ್ಬರೂ ನಮ್ಮ ಜೊತೆ ಬರ್ರಿ, ನಮಗೆ ಧೈರ್ಯ" ಅಂದಳು. ನಮ್ಮ ಕಡೆ ಹಾಗೆ ಕರೆಯುವುದೂ ಸಹಜ, ಹೋಗುವುದೂ ಸಹಜ. ಹೂಂ ಅನ್ನುವಷ್ಟರಲ್ಲಿ ನನ್ನ ಹೆಂಡತಿ ನನ್ನ ಮುಖ ನೋಡಿದಳು.

ಅವರು ಬಂದಿಳಿಯುವ ರಾತ್ರಿ ಫ್ರೀಮಾಂಟ್‌ನಲ್ಲಿ ನಮ್ಮ ಮನೆಯಲ್ಲೇ ಊಟ. ಅನ್ನ, ತಿಳಿಸಾರು, ಹಪ್ಪಳ. ಹೋಳಿಗೆ ಮಾಡುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಡ್ರೈವರ್ ಬರುತ್ತಾನೆ. ಅವರಿಬ್ಬರೇ ಹೋಗುತ್ತಾರೆ.