ಬಸ್ ನಿಲ್ಲಿಸೋದು ಅಷ್ಟು ಸುಲಭ ಇದ್ರೆ ನೀವೇ ನಿಲ್ಲಿಸಿ ತೋರಿಸಿ

ಮತ್ತೆ ಅದೇ ರೀಲ್ ಓಡಾಡ್ತಿದೆ. ಫುಟ್‌ಬಾಲ್ ಕೋಚ್ ಕಾರ್ಲೋಸ್ ಕ್ವೀರೋಜ್ ಫೋಟೊ, ಹಿನ್ನೆಲೆಗೆ ಅಳುಮುಂಜಿ ಸಂಗೀತ, ಅವನು ಕೋಚ್ ಆಗಿದ್ದ ಒಂದೊಂದೇ ದೇಶದ ಬಾವುಟ ಬಂದು ಅದರ ಮೇಲೊಂದು ಕೆಂಪು ಗೀಟು. ಪೋರ್ಚುಗಲ್, ಕೊಲಂಬಿಯಾ, ಈಜಿಪ್ಟ್, ಇರಾನ್, ಕತಾರ್, ಒಮಾನ್. ಕೆಳಗೆ ಕಾಮೆಂಟುಗಳ ಜಾತ್ರೆ. ಬಸ್ ಡ್ರೈವರ್ ಅಂತೆ. ಗೋಲಿಗೆ ಅಡ್ಡ ಬಸ್ ನಿಲ್ಲಿಸಿದ ಹಾಗೆ ಹನ್ನೊಂದು ಜನರನ್ನೂ ಗೋಲಿನ ಮುಂದೆ ಗುಡ್ಡೆ ಹಾಕೋದು ಬಿಟ್ರೆ ಬೇರೆ ವಿದ್ಯೆ ಗೊತ್ತಿಲ್ಲವಂತೆ. ಫುಟ್‌ಬಾಲ್ ಬಲ್ಲವರು ಅಂತ ನಾನು ನಂಬಿದ್ದ ಒಂದಿಬ್ಬರೂ ಅದಕ್ಕೆ ನಗುವ ಮುಖ ಒತ್ತಿದ್ದಾರೆ. ಹೆಸರು ಹೇಳಲ್ಲ, ಓದ್ತಾ ಇದ್ದೀರಿ ಅಂತ ಗೊತ್ತು.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನನಗೆ ಈ ಮನುಷ್ಯನ ಮೇಲೆ ಅಂಥ ಪ್ರೀತಿಯೇನೂ ಇಲ್ಲ. ಪತ್ರಿಕಾಗೋಷ್ಠಿಗೆ ಕೂತ್ರೆ ಅರ್ಧ ಹೊತ್ತು ಫೆಡರೇಷನ್‌ಗೆ ಬೈಗುಳ, ಇನ್ನರ್ಧ ಹೊತ್ತು ರೆಫರಿಗೆ. 2013ರಲ್ಲಿ ಉಲ್ಸಾನ್‌ನಲ್ಲಿ ದಕ್ಷಿಣ ಕೊರಿಯಾವನ್ನ 1-0ರಿಂದ ಸೋಲಿಸಿ ಇರಾನ್‌ಗೆ ವಿಶ್ವಕಪ್ ಟಿಕೆಟ್ ಕೊಡಿಸಿದ. ಸುಮ್ಮನೆ ಕುಣಿದು ಬರಬಾರದಾ? ಕೊರಿಯಾ ಕೋಚ್ ಕಡೆ ಮುಷ್ಟಿ ತೋರಿಸಿದ. ಅರವತ್ತು ವರ್ಷದವನು! ಆದರೆ ಒಬ್ಬನನ್ನ ಕಂಡ್ರೆ ಆಗಲ್ಲ ಅಂತ ಅವನ ಕೆಲಸವನ್ನೇ ಇಲ್ಲ ಅನ್ನೋದಕ್ಕೆ ಆಗುತ್ತಾ?

ಬಸ್ ನಿಲ್ಲಿಸೋದು ಅಂದ್ರೆ ಏನು ಅಂದ್ಕೊಂಡಿದ್ದೀರಿ? ಎಲ್ಲರೂ ಹಿಂದೆ ಬನ್ನಿ ಅಂತ ಕೂಗಿದ್ರೆ ಆಗಿಬಿಡುತ್ತಾ?

ಹಿಂದೆ ನಾಲ್ವರು. ಅವರ ಮುಂದೆ ಒಬ್ಬ ಹೋಲ್ಡಿಂಗ್ ಮಿಡ್‌ಫೀಲ್ಡರ್, ಅವನ ಮುಂದೆ ಮತ್ತೆ ನಾಲ್ವರು, ತುದಿಗೊಬ್ಬ ಸ್ಟ್ರೈಕರ್. ಡಿಫೆನ್ಸ್ ಸಾಲಿಗೂ ಮಿಡ್‌ಫೀಲ್ಡ್ ಸಾಲಿಗೂ ನಡುವೆ ಹತ್ತು ಹನ್ನೆರಡು ಮೀಟರ್ ಅಂತರ. ಅದು ಹದಿನೆಂಟು ಇಪ್ಪತ್ತಾಯ್ತು ಅಂದ್ರೆ ಆ ಸಂದಿಯಲ್ಲಿ ಮೆಸ್ಸಿಯೋ ಇನಿಯೆಸ್ಟಾನೋ ಚೆಂಡು ಹಿಡಿದು ಮುಖ ತಿರುಗಿಸಿ ನಿಂತ ಅಂತಲೇ ಲೆಕ್ಕ. ಆರೋ ಏಳೋ ಆಯ್ತು ಅಂದ್ರೆ ಇಡೀ ತಂಡ ಬಾಕ್ಸಿನೊಳಗೆ ಕುಸಿದಿದೆ. ಕೀಪರ್‌ಗೆ ಚೆಂಡೇ ಕಾಣಲ್ಲ, ಒದ್ದು ಕಳಿಸಿದ ಪ್ರತಿ ಚೆಂಡೂ ಎದುರಾಳಿ ಕಾಲಿಗೇ ಹೋಗಿ ಬೀಳುತ್ತೆ. ಚೆಂಡು ಎಡಕ್ಕೆ ಹೋದ್ರೆ ಹತ್ತೂ ಜನ ಎಡಕ್ಕೆ ಸರೀಬೇಕು. ಬಲಗಡೆ ಫುಲ್‌ಬ್ಯಾಕ್ (ಅಂಚಿನ ಡಿಫೆಂಡರ್) ಒಳಕ್ಕೆ ಬಂದು ದೂರದ ಗೋಲ್ ಕಂಬದ ನೇರಕ್ಕೆ ನಿಲ್ಲಬೇಕು, ಆಚೆ ಗೆರೆ ಹತ್ರ ಇರೋ ಎದುರಾಳಿ ವಿಂಗರ್‌ನ (ಅಂಚಿನಲ್ಲಿ ಓಡಾಡೋ ಆಟಗಾರ) ಬೇಕಂತಲೇ ಬಿಟ್ಟುಬಿಡಬೇಕು. ಅವನಿಗೆ ಹೋಗೋ ಉದ್ದನೆ ಪಾಸ್ ಗಾಳಿಯಲ್ಲಿರೋ ಎರಡು ಸೆಕೆಂಡಿನಲ್ಲಿ ಇವನು ವಾಪಸ್ ಓಡ್ಕೊಬಹುದು ಅನ್ನೋ ಲೆಕ್ಕ ಅದು. ಎದುರಾಳಿ ಹಿಂದಕ್ಕೆ ಪಾಸ್ ಕೊಟ್ಟ ಕೂಡಲೇ ಇಡೀ ಸಾಲು ನಾಲ್ಕು ಹೆಜ್ಜೆ ಮುಂದೆ. ಚೆಂಡಿರೋನು ತಲೆ ಎತ್ತಿ ದೂರ ನೋಡಿದ ಕೂಡಲೇ ಮೂರು ಹೆಜ್ಜೆ ಹಿಂದೆ. ಇದನ್ನ ತೊಂಬತ್ತು ನಿಮಿಷ, ನೂರಾರು ಸಲ, ಎಲ್ಲರೂ ಒಟ್ಟಿಗೆ.

ಕೆಡೋಕೆ ಒಬ್ಬ ಸಾಕು. ಸೆಂಟರ್‌ಬ್ಯಾಕ್‌ಗೆ (ನಡುವಿನ ಡಿಫೆಂಡರ್) ತಾಳ್ಮೆ ತಪ್ಪಿ ಸ್ಟ್ರೈಕರ್ ಬೆನ್ನು ಹತ್ತಿ ಎಂಟು ಮೀಟರ್ ಮುಂದೆ ಹೋದ, ಅವನು ಬಿಟ್ಟ ಜಾಗಕ್ಕೆ ಇನ್ನೊಬ್ಬ ನುಗ್ಗಿದ. ಇಲ್ಲಾ, ವಿಂಗರ್‌ಗೆ ಎಪ್ಪತ್ತನೇ ನಿಮಿಷಕ್ಕೆ ಕಾಲು ಸೋತು ಹಿಂದೆ ಬರೋದು ತಡವಾಯ್ತು, ಫುಲ್‌ಬ್ಯಾಕ್ ಒಬ್ಬನೇ ಇಬ್ಬರನ್ನ ನೋಡ್ಕೊಬೇಕಾಯ್ತು, ಗೋಲ್ ಗೆರೆ ಹತ್ರದಿಂದ ಹಿಂದಕ್ಕೆ ಪಾಸ್ (ಕಟ್‌ಬ್ಯಾಕ್) ಬಂತು, ಗೋಲ್. ಇಷ್ಟನ್ನ ಕಲಿಸೋಕೆ ಕ್ಲಬ್ ಕೋಚ್‌ಗೆ ಇಡೀ ಸೀಸನ್ ಇರುತ್ತೆ. ರಾಷ್ಟ್ರೀಯ ತಂಡದ ಕೋಚ್‌ಗೆ ಕ್ಲಬ್‌ಗಳು ಆಟಗಾರರನ್ನ ಬಿಟ್ಟುಕೊಡೋ ಫಿಫಾ ವಿಂಡೋದಲ್ಲಿ ಸಿಗೋದು ಬೆರಳೆಣಿಕೆಯ ಅಭ್ಯಾಸ. ಅದರಲ್ಲೂ ಅರ್ಧ ಜನ ವಿಮಾನ ಇಳಿದ ಸುಸ್ತಿನಲ್ಲೇ ಇರ್ತಾರೆ.

2008ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ತಗೊಳ್ಳಿ. ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಬಾರ್ಸಿಲೋನಾ. ಆಗ ಇವನು ಫರ್ಗುಸನ್‌ಗೆ ಅಸಿಸ್ಟೆಂಟ್. ಅಭ್ಯಾಸದ ಮೈದಾನದಲ್ಲಿ ಜಿಮ್ ಮ್ಯಾಟ್‌ಗಳನ್ನ ಹಾಸಿ, ಯಾರು ಎಲ್ಲಿ ನಿಲ್ಲಬೇಕು ಅಂತ ಹೆಜ್ಜೆ ಲೆಕ್ಕದಲ್ಲಿ ಆಡಿಸಿದ್ದನ್ನ ಆ ತಂಡದ ಆಟಗಾರರೇ ಆಮೇಲೆ ಹೇಳಿದ್ದಾರೆ. ಕ್ಯಾಂಪ್ ನೋದಲ್ಲಿ 0-0, ಅದೂ ಶುರುವಿನಲ್ಲೇ ರೊನಾಲ್ಡೊ ಪೆನಾಲ್ಟಿ ಕಳೆದ ಮೇಲೆ. ಓಲ್ಡ್ ಟ್ರಾಫರ್ಡ್‌ನಲ್ಲಿ ಸ್ಕೋಲ್ಸ್ ಗೋಲಿನಿಂದ 1-0. 180 ನಿಮಿಷದಲ್ಲಿ ಮೆಸ್ಸಿ ಇದ್ದ ತಂಡಕ್ಕೆ ಒಂದು ಗೋಲೂ ಸಿಗಲಿಲ್ಲ. ಆಗ ಯಾರೂ ಬಸ್ ಅನ್ನಲಿಲ್ಲ, ಮಾಸ್ಟರ್‌ಕ್ಲಾಸ್ ಅಂದ್ರು. ಯುನೈಟೆಡ್ ಜೆರ್ಸಿ ನೋಡಿ! ಅದೇ ಕೆಲಸ ಇರಾನ್ ಜೆರ್ಸಿ ಹಾಕ್ಕೊಂಡು ಮಾಡಿದ್ರೆ ಹೇಡಿತನ.

2018ರ ಜೂನ್ 20, ರಷ್ಯಾ ವಿಶ್ವಕಪ್, ಕಜಾನ್, ಸ್ಪೇನ್ ಎದುರು ಇವನ ಇರಾನ್. ಆ ತಂಡ ರಷ್ಯಾಕ್ಕೆ ಬಂದಿದ್ದು ಹೇಗೆ ಅಂತ ನೆನಪಿದೆಯಾ? ಗ್ರೀಸ್ ಮತ್ತು ಕೊಸೊವೊ ಜೊತೆಗಿನ ಅಭ್ಯಾಸ ಪಂದ್ಯಗಳು ರದ್ದಾಗಿದ್ದವು. ಟೂರ್ನಿ ಬಾಗಿಲಿಗೆ ಬಂದಾಗ ಅಮೆರಿಕದ ನಿರ್ಬಂಧ ಅಂತ ಹೇಳಿ ನೈಕಿ ಬೂಟು ಕೊಡಲ್ಲ ಅಂತು. ಅಂಥ ತಂಡ ಸ್ಪೇನ್ ಎದುರು ಇಬ್ಬರು ವಿಂಗರ್‌ಗಳನ್ನೂ ಫುಲ್‌ಬ್ಯಾಕ್‌ಗಳ ಪಕ್ಕಕ್ಕೆ ಎಳೆದು ಹಿಂದೆ ಆರು ಜನರ ಸಾಲು ಕಟ್ಟಿತು. ಸಿಲ್ವಾ, ಇಸ್ಕೊ, ಇನಿಯೆಸ್ಟಾ ಮೂವರೂ ಸೇರಿ ಮೊದಲಾರ್ಧದಲ್ಲಿ ಒಂದು ಗೋಲ್ ಹೊಡೆಯಲಾಗಲಿಲ್ಲ. 54ನೇ ನಿಮಿಷದಲ್ಲಿ ಬಿದ್ದ ಗೋಲಾದ್ರೂ ಎಂಥದು? ರಜಾಯನ್ ಒದ್ದು ತೆಗೆಯೋಕೆ ಹೋದ ಚೆಂಡು ಡಿಯಾಗೊ ಕೋಸ್ಟಾ ಕಾಲಿಗೆ ತಾಗಿ ಒಳಗೆ ಹೋಯ್ತು.

ಅಲ್ಲಿಂದ ಮುಂದಿನದ್ದನ್ನ ಬಸ್ ಅನ್ನೋರು ನೋಡಿಯೇ ಇಲ್ಲ. ಬ್ಲಾಕ್, ಅಂದ್ರೆ ಆ ಒತ್ತೊತ್ತಾದ ಸಾಲುಗಳನ್ನ, ಬಿಚ್ಚಿ ಮುಂದೆ ಬಂತು ಇರಾನ್. ಎಜತೊಲ್ಲಾಹಿ ಗೋಲ್ ಹೊಡೆದ, ವಿಎಆರ್ (ವಿಡಿಯೊ ರೆಫರಿ) ಆಫ್‌ಸೈಡ್ ಅಂತು. ಎಂಬತ್ತು ನಿಮಿಷ ದಾಟಿದ ಮೇಲೆ ವಹೀದ್ ಅಮಿರಿ, ಗೆರೆ ಉದ್ದಕ್ಕೂ ಹಿಂದೆ ಮುಂದೆ ಓಡಿ ಓಡಿ ಬೆವರಿಳಿಸಿದ್ದ ಅದೇ ಮನುಷ್ಯ, ಎಡಗಡೆ ಚೆಂಡು ಹಿಡಿದು ಸ್ಪೇನ್ ಡಿಫೆಂಡರ್ ಪಿಕೆ ಕಾಲುಗಳ ನಡುವಿನಿಂದ ದಾಟಿಸಿ ಅವನನ್ನ ಹಿಂದೆ ಬಿಟ್ಟು ಕ್ರಾಸ್ ಕೊಟ್ಟ. ತರೇಮಿ ತಲೆಗೆ ಬಂತು. ಮೇಲೆ ಹೊಡೆದ. ಒಂದಡಿ ಕೆಳಗೆ ಬಂದಿದ್ರೆ 1-1. ಕೊನೇ ಪಂದ್ಯದಲ್ಲಿ ಪೋರ್ಚುಗಲ್ ಜೊತೆ 1-1, ರೊನಾಲ್ಡೊ ಪೆನಾಲ್ಟಿಯನ್ನ ಇರಾನ್ ಕೀಪರ್ ಬೈರನ್ವಂದ್ ಹಿಡಿದಿದ್ದು ಅಲ್ಲೇ. ಇಂಜುರಿ ಟೈಮ್‌ನಲ್ಲಿ ತರೇಮಿ ಹೊಡೆದಿದ್ದು ಬದಿಯ ಬಲೆಗೆ ತಾಗಿತು. ಒಳಗೆ ಹೋಗಿದ್ರೆ ಪೋರ್ಚುಗಲ್ ಮನೆಗೆ. ನಾಲ್ಕು ಪಾಯಿಂಟ್, ಒಂದು ವಿಶ್ವಕಪ್‌ನಲ್ಲಿ ಇರಾನ್ ಗಳಿಸಿದ ಅತಿ ಹೆಚ್ಚು.

ಆ ವಿಶ್ವಕಪ್‌ನ ಅರ್ಹತಾ ಸುತ್ತು ನೋಡಿ. ಏಷ್ಯಾದ ಕೊನೇ ಹಂತದಲ್ಲಿ ಹತ್ತು ಪಂದ್ಯ. ಕೊರಿಯಾ, ಉಜ್ಬೇಕಿಸ್ತಾನ್, ಚೀನಾ, ಕತಾರ್, ಸಿರಿಯಾ. ಮೊದಲ ಒಂಬತ್ತರಲ್ಲಿ ಬಿಟ್ಟುಕೊಟ್ಟ ಗೋಲು ಸೊನ್ನೆ. ಹೊಡೆದಿದ್ದು ಎಂಟೇ ಎಂಟು, ಅಷ್ಟರಲ್ಲೇ ಏಷ್ಯಾದಲ್ಲಿ ಎಲ್ಲರಿಗಿಂತ ಮೊದಲು ರಷ್ಯಾ ಟಿಕೆಟ್ ಜೇಬಲ್ಲಿ. ಟಿಕೆಟ್ ಸಿಕ್ಕ ಮೇಲೆ, ಕೊನೇ ಪಂದ್ಯದಲ್ಲಿ, ಸಿರಿಯಾಕ್ಕೆ ಎರಡು ಬಿಟ್ಟುಕೊಟ್ರು. ಅಷ್ಟೇ.

"ಬರೀ ಡಿಫೆನ್ಸ್" ಅನ್ನೋ ಬೆಂಗಳೂರಿನವರಿಗೆ ಇನ್ನೊಂದು ನೆನಪು ಮಾಡ್ತೀನಿ. ಅದೇ ಅರ್ಹತಾ ಸುತ್ತಿನ ಹಿಂದಿನ ಹಂತದಲ್ಲಿ, 2015ರ ಸೆಪ್ಟೆಂಬರ್ 8ಕ್ಕೆ ಇದೇ ಇರಾನ್ ಕಂಠೀರವಕ್ಕೆ ಬಂದಿತ್ತು. ಭಾರತ 0, ಇರಾನ್ 3. ಅಜ್ಮೂನ್ ಮೊದಲಾರ್ಧದಲ್ಲಿ ಒಂದು, ವಿರಾಮ ಮುಗಿದು ಐದು ನಿಮಿಷದೊಳಗೆ ತೈಮೂರಿಯನ್ ಮತ್ತು ತರೇಮಿ ಒಂದೊಂದು. 2023ರ ನವೆಂಬರ್ 21ಕ್ಕೆ ಭುವನೇಶ್ವರಕ್ಕೆ ಬಂದ ಕತಾರ್ ತಂಡದ ಕೋಚ್ ಯಾರು? ಇವನೇ. ಸ್ಕೋರು? ಮತ್ತೆ 3-0. ಬಸ್ ಡ್ರೈವರ್ ಎರಡು ಸಲ ನಮ್ಮೂರಿಗೆ ಬಂದು ಎರಡು ಸಲವೂ ನಮ್ಮ ಮೇಲೇ ಹತ್ತಿಸಿಕೊಂಡು ಹೋಗಿದ್ದಾನೆ, ಸ್ವಾಮಿ.

ರಾಹುಲ್ ದ್ರಾವಿಡ್ ಇಡೀ ಸೆಷನ್ ಚೆಂಡು ಬಿಟ್ಟು, ತಡೆದು, ಬೌಲರ್‌ಗಳನ್ನ ದಣಿಸಿದ್ರೆ ನಾವೇ ಅಲ್ವಾ "ಗೋಡೆ" ಅಂತ ಎದೆ ತಟ್ಕೊಂಡಿದ್ದು? ಫುಟ್‌ಬಾಲ್‌ನಲ್ಲಿ ಗೋಡೆ ಕಟ್ಟಿದ್ರೆ ಮಾತ್ರ ಯಾಕೆ ಮೈಯೆಲ್ಲಾ ಉರಿ?

ಈಗ ನಿಮ್ಮ ವಾದಕ್ಕೆ ಬರೋಣ. ಕಪ್ ಎಲ್ಲಿ ಅಂತೀರಿ. 1989ರಲ್ಲಿ ರಿಯಾದ್‌ನಲ್ಲಿ, 1991ರಲ್ಲಿ ಲಿಸ್ಬನ್‌ನಲ್ಲಿ ಪೋರ್ಚುಗಲ್‌ಗೆ ಎರಡು ಸಲ ಕಿರಿಯರ ವಿಶ್ವಕಪ್ ಗೆದ್ದುಕೊಟ್ಟವನು ಇವನೇ. ಎರಡನೇ ಸಲದ ತಂಡದಲ್ಲಿ ಫಿಗೊ, ರೂಯಿ ಕೋಸ್ಟಾ ಇದ್ರು. ಅದು ಮಕ್ಕಳ ಟೂರ್ನಿ, ಲೆಕ್ಕಕ್ಕಿಲ್ಲ ಅಂತೀರಾ? ಸರಿ, ಬಿಡಿ. ರಿಯಲ್ ಮ್ಯಾಡ್ರಿಡ್‌ನಲ್ಲಿ ಕೋಚ್ ಆಗಿ ಸೋತ ಅಂತೀರಿ. 2003ರ ಬೇಸಿಗೆಯಲ್ಲಿ ಆ ಕ್ಲಬ್ ಬೆಕಮ್‌ನ ತಂದು ಮಕೆಲೆಲೆನ ಚೆಲ್ಸಿಗೆ ಮಾರಿತು. ಅಂದ್ರೆ, ಮೇಲೆ ಹೇಳಿದೆನಲ್ಲ, ಎರಡು ಸಾಲಿನ ನಡುವೆ ನಿಲ್ಲೋ ಆ ಒಬ್ಬ, ಅವನನ್ನೇ ಮಾರಿಬಿಟ್ರು. ಕಂಬ ಕಿತ್ತು ಗೊಂಚಲು ದೀಪ ತೂಗುಹಾಕಿ ಚಾವಣಿ ಯಾಕೆ ಕುಸೀತು ಅಂತ ಕೋಚ್‌ನ ಕೇಳಿದ್ರು. ಚಾಂಪಿಯನ್ಸ್ ಲೀಗ್‌ನಲ್ಲಿ ಮೊನಾಕೊ ಎದುರು ಮೊದಲ ಪಂದ್ಯ 4-2, ಎರಡನೆಯದು 1-3, ಒಟ್ಟು 5-5, ಎದುರಾಳಿ ಮೈದಾನದಲ್ಲಿ ಹೊಡೆದ ಗೋಲುಗಳ ಲೆಕ್ಕದಲ್ಲಿ ಔಟ್. ಎರಡರಲ್ಲೂ ಗೋಲ್ ಹೊಡೆದ ಮೊರಿಯೆಂಟೆಸ್‌ನ ಸಾಲವಾಗಿ ಕಳಿಸಿದ್ದು ಮ್ಯಾಡ್ರಿಡ್ ಕ್ಲಬ್ಬೇ! ಲೀಗ್‌ನ ಕೊನೇ ಐದೂ ಪಂದ್ಯ ಸೋತು ನಾಲ್ಕನೇ ಸ್ಥಾನ. ಹೌದು, ಸೋತ. ಬಸ್ ನಿಲ್ಲಿಸಿ ಸೋತಿದ್ದಲ್ಲ, ನಿಲ್ಲಿಸೋಕೆ ಬಸ್ಸೇ ಇರಲಿಲ್ಲ.

2022ರ ವಿಶ್ವಕಪ್‌ನಲ್ಲಿ ಇರಾನ್ ಇಂಗ್ಲೆಂಡ್ ಎದುರು 6-2ರಿಂದ ಸೋತಿತು ಅಂತೀರಿ. ಅರ್ಹತೆ ಗಳಿಸಿಕೊಟ್ಟ ಕೋಚ್ ಸ್ಕೊಚಿಚ್‌ನ ತೆಗೆದು ಇವನನ್ನ ಕೂರಿಸಿದ್ದು ಟೂರ್ನಿಗೆ ಎರಡೂವರೆ ತಿಂಗಳು ಮೊದಲು. ದೇಶ ಹೊತ್ತಿ ಉರೀತಿತ್ತು, ಆಟಗಾರರು ರಾಷ್ಟ್ರಗೀತೆ ಹಾಡದೆ ನಿಂತಿದ್ರು. ಪಂದ್ಯ ಶುರುವಾಗ್ತಿದ್ದಂತೆ ಕೀಪರ್ ಬೈರನ್ವಂದ್ ತನ್ನವನಿಗೇ ಡಿಕ್ಕಿ ಹೊಡ್ಕೊಂಡು ಹೊರಗೆ. ನಾಲ್ಕೇ ದಿನಕ್ಕೆ ಅದೇ ತಂಡ ವೇಲ್ಸ್‌ನ 2-0 ಸೋಲಿಸಿತು, ಎರಡೂ ಗೋಲು ಇಂಜುರಿ ಟೈಮ್‌ನಲ್ಲಿ. ಅದು ರೀಲ್‌ನಲ್ಲಿ ಇಲ್ಲ. ಯಾಕಿರುತ್ತೆ?

ಟೀಕಿಸೋಕೆ ಜಾಗವೇ ಇಲ್ಲ ಅಂತಲ್ಲ. ಟೀಕೆ ಅಂದ್ರೆ ಹೇಗಿರಬೇಕು ಅಂತ ತೋರಿಸ್ತೀನಿ. 2010ರ ವಿಶ್ವಕಪ್, ಪೋರ್ಚುಗಲ್. ನಾಲ್ಕು ಪಂದ್ಯದಲ್ಲಿ ಬಿಟ್ಟಿದ್ದು ಒಂದೇ ಗೋಲು, ಸ್ಪೇನ್‌ಗೆ, ಅದರಿಂದಲೇ ಔಟ್. ಆ ದಿನ ಹ್ಯೂಗೊ ಅಲ್ಮೇಡಾ ಮುಂದೆ ಒಬ್ಬನೇ ಸ್ಪೇನಿನ ಸೆಂಟರ್‌ಬ್ಯಾಕ್‌ಗಳ ಜೊತೆ ಗುದ್ದಾಡಿ ಉದ್ದನೆ ಚೆಂಡುಗಳನ್ನ ಹಿಡಿದು ನಿಲ್ಲಿಸ್ತಿದ್ದ. ಬ್ಲಾಕ್ ಆಡೋ ತಂಡಕ್ಕೆ ಉಸಿರಾಡೋಕೆ ಇರೋ ಒಂದೇ ದಾರಿ ಆ ಔಟ್‌ಲೆಟ್. 58ನೇ ನಿಮಿಷಕ್ಕೆ ಅವನನ್ನೇ ತೆಗೆದ. ಒದ್ದು ಕಳಿಸಿದ ಚೆಂಡು ಹೋದಷ್ಟೇ ಬೇಗ ವಾಪಸ್ ಬರೋಕೆ ಶುರುವಾಯ್ತು. 63ಕ್ಕೆ ವಿಯ್ಯಾ ಹೊಡೆದ. ಇದು ತಪ್ಪು, ಹೆಸರಿದೆ, ನಿಮಿಷ ಇದೆ, ಕಾರಣ ಇದೆ. ಬಾವುಟದ ಮೇಲೆ ಗೀಟು ಎಳೆಯೋದಕ್ಕೂ ಇದಕ್ಕೂ ವ್ಯತ್ಯಾಸ ಕಾಣ್ತಾ?

ಇವನು ಬಿಟ್ಟ ಎರಡೇ ತಿಂಗಳಿಗೆ ಕತಾರ್ ಏಷ್ಯಾ ಕಪ್ ಗೆದ್ದಿತು ಅನ್ನೋದು ಇನ್ನೊಂದು. ಗೆದ್ದಿತು. ಚುಚ್ಚೋಕೆ ಚೆನ್ನಾಗಿದೆ, ಒಪ್ಕೊತೀನಿ. ಆದರೆ ಆ ತಂಡ 2019ರಲ್ಲೂ ಅದೇ ಕಪ್ ಗೆದ್ದಿತ್ತು. ಹಳೇ ಚಾಂಪಿಯನ್ ತನ್ನ ಮನೆಯಂಗಳದಲ್ಲಿ ಮತ್ತೆ ಗೆದ್ದಿದ್ದಕ್ಕೆ ಬಿಟ್ಟುಹೋದವನ ವಿದ್ಯೆಯೇ ಸುಳ್ಳು ಅನ್ನೋದು ಯಾವ ನ್ಯಾಯ?

ನನ್ನ ಸಿಟ್ಟು ಬೇರೆ ಕಡೆ ಇದೆ. ಈಜಿಪ್ಟ್. 2022ರ ಜನವರಿ-ಫೆಬ್ರವರಿ, ಕ್ಯಾಮರೂನ್‌ನಲ್ಲಿ ಆಫ್ರಿಕಾ ಕಪ್. ಏಳು ಪಂದ್ಯದಲ್ಲಿ ಹೊಡೆದಿದ್ದು ನಾಲ್ಕು ಗೋಲು, ಬಿಟ್ಟಿದ್ದು ಎರಡು. ನಾಕೌಟ್‌ನ ನಾಲ್ಕೂ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋದವು, ನಡುವೆ ಕೀಪರ್‌ಗಳಿಗೆ ಗಾಯ ಬೇರೆ. ಹಾಗೆ ಹಲ್ಲು ಕಚ್ಕೊಂಡು ಆತಿಥೇಯರ ಎದುರು ಸೆಮಿಫೈನಲ್ ತಲುಪಿದ ತಂಡದ ಕೋಚ್ ಮಾಡಿದ್ದೇನು? ರೆಫರಿ ಮೇಲೆ ಹಾರಾಡಿ ಕೆಂಪು ಕಾರ್ಡ್ ತಗೊಂಡು ಫೈನಲ್‌ಗೆ ಬೆಂಚಿನಲ್ಲೇ ಇಲ್ಲ. ಹನ್ನೊಂದು ಜನಕ್ಕೆ ತಾಳ್ಮೆ ಕಲಿಸಿದವನಿಗೆ ಟಚ್‌ಲೈನ್ ಮೇಲೆ ತಾನು ತಾಳ್ಮೆಯಿಂದ ನಿಲ್ಲೋಕಾಗಲಿಲ್ಲ. ಸೆನೆಗಲ್ ಜೊತೆ ಫೈನಲ್ 0-0, ಪೆನಾಲ್ಟಿ. ಈಜಿಪ್ಟ್‌ನ ದೊಡ್ಡ ತಾರೆ ಸಲಾಗೆ ಐದನೇ ಸರದಿ. ಅವನ ಸರದಿ ಬರೋಕೆ ಮುಂಚೆ ಸೆನೆಗಲ್‌ನ ಮಾನೆ ಹೊಡೆದು ಮುಗಿಸಿದ. ಏಳು ವಾರ ಆದ ಮೇಲೆ ಡಕಾರ್ ಹತ್ರ ಅದೇ ಸೆನೆಗಲ್, ಮತ್ತೆ ಪೆನಾಲ್ಟಿ, ಈ ಸಲ ವಿಶ್ವಕಪ್ ಟಿಕೆಟ್‌ಗೆ. ಸಲಾನ ಮೊದಲು ಕಳಿಸಿದ್ರು. ಮುಖದ ತುಂಬಾ ಲೇಸರ್ ಬೆಳಕು, ಚೆಂಡು ಅಡ್ಡಪಟ್ಟಿಯ ಮೇಲೆ.

ಆ ಎರಡನೆಯದು ಹಣೆಬರಹ ಅನ್ನಬಹುದು. ಮೊದಲನೆಯದು ಅಲ್ಲ. ಫೈನಲ್‌ಗೆ ಮುಂಚೆ ಕಾರ್ಡ್ ತಿಂದಿದ್ದು, ಪಟ್ಟಿಯ ಕೊನೆಗೆ ಸಲಾ ಇದ್ದಿದ್ದು, ಇವೆರಡನ್ನೂ ಹಿಡಿದು ಬೈರಿ. ಮೊದಲ ಲೈಕ್ ನಂದೇ.