ಅಕ್ಕಿ ಔಟ್

ನಮ್ಮ ಮನೆಯಲ್ಲಿ ಈಗ ಹತ್ತು ಕೆಜಿ ಸೋನಾ ಮಸೂರಿ ಇದೆ. ಬೇಕಾಗಿದ್ದದ್ದು ಐದು. ಉಳಿದ ಐದು ಕೆಜಿಗೆ ಡಬ್ಬದಲ್ಲಿ ಜಾಗವಿಲ್ಲದೆ, ಚೀಲ ಊಟದ ಮೇಜಿನ ಕುರ್ಚಿಯ ಮೇಲೆ ಕರೆಯದೆ ಬಂದ ನೆಂಟರ ಹಾಗೆ ಕೂತಿದೆ. ಇಷ್ಟಕ್ಕೂ ಕಾರಣ ಮೂರಕ್ಷರದ ಒಂದು ಇಂಗ್ಲಿಷ್ ಪದ.

ಮೊನ್ನೆ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದೆ. ಆಫೀಸಿನ ಕ್ಯಾಬ್ ಬರಲು ಹನ್ನೆರಡು ನಿಮಿಷ. ಸರಿಯಾಗಿ ಆಗಲೇ ಅಮ್ಮ ಬಚ್ಚಲ ಬಾಗಿಲು ಬಡಿದಳು.

"ಔಟ್ ಅಂದ್ರೆ ಏನೋ?"

ಬಾಯಿ ತುಂಬ ನೊರೆ. "ಹೊರಗೆ" ಅಂದೆ.

"ಅಷ್ಟೇನಾ?"

"ಅಷ್ಟೇ!"

ಅಕ್ಕಿ ಆರ್ಡರಿನ ಬಗ್ಗೆ ಅವಳ ಮೊಬೈಲಿಗೆ 'ಔಟ್ ಫಾರ್ ಡೆಲಿವರಿ' ಅಂತ ಮೆಸೇಜ್ ಬಂದಿತ್ತಂತೆ. ನಾನು ಹೇಳಿದ ಅರ್ಥ ನಂಬಿ ಬಾಗಿಲು ತೆಗೆದು ನೋಡಿದ್ದಾಳೆ. ಹೊರಗೆ ಚಪ್ಪಲಿ ಬಿಟ್ಟರೆ ಏನೂ ಇಲ್ಲ. ಹಾಗಾದರೆ ಇದು ಕ್ರಿಕೆಟ್ಟಿನ ಔಟೇ, ಅಕ್ಕಿಯ ಕತೆ ಮುಗೀತು ಅಂತ ತೀರ್ಮಾನಿಸಿ ಕೆಳಗಿನ ಅಂಗಡಿಯಿಂದ ಐದು ಕೆಜಿ ತರಿಸಿದ್ದಾಳೆ. ಸಂಜೆ ಆರಕ್ಕೆ ಔಟಾಗಿದ್ದ ಅಕ್ಕಿ ಬಂದು ಬೆಲ್ ಮಾಡಿತು.

ಅಮ್ಮ ತೀರ್ಥಹಳ್ಳಿ ಕಡೆ ಮೂವತ್ತೆರಡು ವರ್ಷ ಕನ್ನಡ ಟೀಚರ್ ಆಗಿದ್ದವಳು. ಪದ ಅಂದಮೇಲೆ ಅದಕ್ಕೊಂದು ಅರ್ಥ ಇರಬೇಕು, ಆಮೇಲೆ ಅದನ್ನು ಸ್ವಂತ ವಾಕ್ಯದಲ್ಲಿ ಬಳಸಿ ತೋರಿಸಬೇಕು. ಬೆಂಗಳೂರಿಗೆ ಬಂದ ಮೇಲೆ ಹಳೇ ಡೈರಿಯೊಂದರ ನಡುವೆ ಗೆರೆ ಎಳೆದು ಶುರು ಮಾಡಿದ್ದಾಳೆ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಅರ್ಥ. ಅರ್ಥ ಮೊದಲು ಪೆನ್ಸಿಲ್‌ನಲ್ಲಿ. ಮೂರು ಕಡೆ ಹೊಂದಿದರೆ ಮಾತ್ರ ಅದರ ಮೇಲೆ ಪೆನ್ನು. 'ಮೇಂಟೆನೆನ್ಸ್' ಬಂದ ವಾರದಲ್ಲೇ ಪೆನ್ನಿಗೆ ಏರಿತು: ತಿಂಗಳು ತಿಂಗಳು ಕೊಡುವ ದುಡ್ಡು. 'ಔಟ್' ಎದುರು ಮಾತ್ರ ರಬ್ಬರ್ ಉಜ್ಜಿ ಉಜ್ಜಿ ಹಾಳೆ ತೆಳ್ಳಗಾಗಿ, ಹಿಂದಿನ ಪುಟದ ಹಾಲಿನ ಲೆಕ್ಕ ಕಾಣುತ್ತಿದೆ.

ಆ ರಾತ್ರಿ ಊಟವಾದ ಮೇಲೆ ವಿಚಾರಣೆ ಶುರುವಾಯಿತು.

"ಲೈಟ್ಸ್ ಔಟ್?"

"ಲೈಟ್ ಆರಿಸೋದು."

"ಸನ್ ಈಸ್ ಔಟ್?"

"ಸೂರ್ಯ ಬಂದ."

ಅಮ್ಮ ಕನ್ನಡಕ ತೆಗೆದು ಸೆರಗಲ್ಲಿ ಒರೆಸಿದಳು. ಶಾಲೆಯಲ್ಲಿ ದಡ್ಡ ಹುಡುಗರ ಮುಂದೆ ಹೀಗೇ ಮಾಡುತ್ತಿದ್ದಳು. "ಲೈಟ್ ಔಟಾದ್ರೆ ಕತ್ತಲೆ. ಸೂರ್ಯ ಔಟಾದ್ರೆ ಬೆಳಕು. ಸರಿಯಾಗಿ ಹೇಳೋ ಮಾರಾಯ."

"ಎರಡೂ ಸರಿ ಅಮ್ಮ."

"ರಿಸಲ್ಟ್ ಔಟ್?"

"ಬಂತು."

"ಔಟ್ ಆಫ್ ಸ್ಟಾಕ್?"

"ಖಾಲಿ."

"ಪೇಪರ್ ಔಟ್?"

"ಪರೀಕ್ಷೆ ಮುಂದಕ್ಕೆ."

ಇಲ್ಲಿಗೆ ನಿಲ್ಲಿಸಬಹುದಿತ್ತು. ಅಷ್ಟರಲ್ಲಿ ನನ್ನ ಹೆಂಡತಿ ಫ್ರಿಜ್ ತೆಗೆದು ಹಾಲಿಲ್ಲ ಅಂದಳು. ನಾನು ಮೇಷ್ಟ್ರ ಗತ್ತಿನಲ್ಲಿ, "ನೋಡಮ್ಮ, ಇದನ್ನ ಇಂಗ್ಲಿಷಲ್ಲಿ 'ವಿ ರ್ಯಾನ್ ಔಟ್ ಆಫ್ ಮಿಲ್ಕ್' ಅಂತಾರೆ" ಅಂದುಬಿಟ್ಟೆ.

"ಓಡಿದ್ದು ನಾವಾ?"

"ಯಾರೂ ಓಡಿಲ್ಲ. ಹಾಲು ಮುಗೀತು ಅಂತ."

"ಹಾಲು ಉಕ್ಕಿ ಒಲೆ ಮೇಲೆ ಹರಿದ್ರೆ ರನ್ ಔಟ್ ಅನ್ನು, ಒಪ್ತೀನಿ. ಇದು ಕುಡಿದು ಮುಗಿದ ಹಾಲು."

ನನಗೂ ಸಿಟ್ಟು ಬಂತು. "ಕನ್ನಡ ಏನು ಕಮ್ಮಿನಾ? 'ಬಂದುಬಿಡು' ಅಂತೀವಿ. ಬರೋದೋ, ಬಿಡೋದೋ?"

"ಅದು ವ್ಯಾಕರಣ" ಅಂದಳು. ಅಲ್ಲಿಗೆ ನನ್ನ ಬಾಯಿ ಬಂದ್. ಮೇಲಿಂದ ಒಂದು ಏಟು ಬೇರೆ: "ಜರ್ಮನಿಯ ಕಿಟೆಲ್ 1894ರಲ್ಲಿ ಸುಮಾರು 70,000 ಕನ್ನಡ ಪದಕ್ಕೆ ಇಂಗ್ಲಿಷಲ್ಲಿ ಅರ್ಥ ಬರೆದು ಮಂಗಳೂರಲ್ಲಿ ಅಚ್ಚು ಹಾಕಿಸಿದ್ರು. ಅವರಿಗೆ ಎರಡೂ ಮನೆಮಾತಲ್ಲ. ನಿನಗೆ ಒಂದು ಪದ ಹೇಳೋಕೆ ಬರಲ್ಲ."

ಆಕ್ಸ್‌ಫರ್ಡಿನ 1989ರ ಇಪ್ಪತ್ತು ಸಂಪುಟದ ನಿಘಂಟಿನಲ್ಲಿ 'ಸೆಟ್' ಅನ್ನೋ ಕ್ರಿಯಾಪದ ಒಂದಕ್ಕೇ 430 ಅರ್ಥ ಇವೆ. ಇದನ್ನು ಅಮ್ಮನಿಗೆ ಹೇಳಿಲ್ಲ, ಹೇಳೋದೂ ಇಲ್ಲ. ಅವಳ ಡೈರಿಯಲ್ಲಿ ಸೆಟ್ ಅಂದರೆ ಮೂರು ದೋಸೆ. ಪೆನ್ನಿನಲ್ಲಿದೆ. ಹಾಗೇ ಇರಲಿ.

ನಿಜ ಹೇಳಬೇಕಂದ್ರೆ ಅವಳಿಗೆ 'ಔಟ್' ಕಲಿಸಿದ್ದು ಅಪ್ಪ. 1999ರ ಫೆಬ್ರವರಿ 7, ಭಾನುವಾರ. ಡೆಲ್ಲಿಯಲ್ಲಿ ಪಾಕಿಸ್ತಾನದ ಹತ್ತಕ್ಕೆ ಹತ್ತೂ ವಿಕೆಟ್ ಕುಂಬ್ಳೆ ತೆಗೆದ ದಿನ. ನಮ್ಮಲ್ಲಿ ಕರೆಂಟಿಲ್ಲ. ಅಪ್ಪ ಜಗಲಿಯಲ್ಲಿ ಟ್ರಾನ್ಸಿಸ್ಟರನ್ನು ಕಿವಿಗೆ ಒತ್ತಿಕೊಂಡು, ಒಂದೊಂದು ವಿಕೆಟ್ಟಿಗೂ "ಔಟ್!" ಅಂತ ಕೂಗೋದು, ಅಮ್ಮ ಅಡುಗೆಮನೆಯಿಂದ "ಮತ್ತೆ ಕುಂಬ್ಳೆನಾ?" ಅಂತ ಕೇಳೋದು. ಒಂಬತ್ತಾದ ಮೇಲೆ ಕಾಫಿ ಪಾತ್ರೆ ಇಳಿಸಿ ಅವಳೂ ಬಂದು ಕೂತಳು. ಶ್ರೀನಾಥ್ ಬೇಕಂತಲೇ ವಿಕೆಟ್ ಬರದ ಹಾಗೆ ದೂರ ದೂರ ಹಾಕುತ್ತಿದ್ದಾರೆ ಅಂತ ಅಪ್ಪ ಪಿಸುಗುಟ್ಟಿದ್ದು ನೆನಪಿದೆ. ಹತ್ತನೆಯದಕ್ಕೆ ಮೊದಲು ಕೂಗಿದ್ದು ಅಮ್ಮ.

ಅಪ್ಪ ಹೋಗಿ ಆರು ವರ್ಷವಾಯಿತು. ಅವರು ಹೇಳಿಕೊಟ್ಟ ಅರ್ಥ ಸಾಲದು ಅಂತ ನಾನು ಯಾವ ಬಾಯಲ್ಲಿ ಹೇಳಲಿ?

ನಿನ್ನೆ ಸಂಜೆ ಮನೆಗೆ ಬಂದರೆ ಬಾಗಿಲಿಗೆ ಬೀಗ. ಚಿಲಕಕ್ಕೆ ಡೈರಿಯ ಹಾಳೆಯೊಂದನ್ನು ಸಿಕ್ಕಿಸಿತ್ತು. ದುಂಡಗಿನ ಕನ್ನಡ ಅಕ್ಷರದಲ್ಲಿ, "ಐ ಆಮ್ ಔಟ್." ಕೆಳಗೆ ಅಡಿಗೆರೆ ಎಳೆದು, "ಕ್ರಿಕೆಟ್ ಅಲ್ಲ. ದೇವಸ್ಥಾನ."

ಪೆನ್ಸಿಲ್‌ನಲ್ಲಿ ಬರೆದಿದ್ದಳು.