ಹಂದಿ ಮೊಕದ್ದಮೆಯ ಖರ್ಚುಪಟ್ಟಿ

1403ರಲ್ಲಿ ಪ್ಯಾರಿಸ್ಸಿಗೆ ಸಮೀಪದ ಮ್ಯೂಲಾಂ ಎಂಬ ಊರಿನಲ್ಲಿ ಹೆಣ್ಣು ಹಂದಿಯೊಂದು ಎಳೆಯ ಮಗುವನ್ನು ತಿಂದುಹಾಕಿತು. ನಾವು ನೀವಾಗಿದ್ದರೆ ದೊಣ್ಣೆ ಹುಡುಕುತ್ತಿದ್ದೆವು. ಅಲ್ಲಿನವರು ಕಾನೂನು ಬಲ್ಲವರು. ಹಂದಿಯನ್ನು ಸೆರೆಮನೆಗೆ ಹಾಕಿ, ಗಲ್ಲಿಗೇರಿಸಲು ಪ್ಯಾರಿಸ್ಸಿನಿಂದ ಆಳನ್ನು ಕರೆಸಿದರು.

ಆಮೇಲೆ ಲೆಕ್ಕ ಬರೆದರು. ಸೆರೆಯಲ್ಲಿ ಹಂದಿಯನ್ನು ಇಟ್ಟುಕೊಂಡ ಖರ್ಚು 6 ಸೂ, ಅಂದರೆ ಅಂದಿನ ಫ್ರೆಂಚ್ ನಾಣ್ಯ. ಪ್ಯಾರಿಸ್ಸಿನಿಂದ ಬಂದು ನೇಣು ಹಾಕಿದ ಮಹಾಶಯನಿಗೆ 54 ಸೂ. ವಧಾಸ್ಥಾನಕ್ಕೆ ಒಯ್ಯಲು ಗಾಡಿ ಬಾಡಿಗೆ 6 ಸೂ. ಹಗ್ಗಕ್ಕೆ 2 ಸೂ 8 ದೆನಿಯೆ; ದೆನಿಯೆ ಎಂದರೆ ಸೂವಿನ ಚಿಲ್ಲರೆ. ಕೊನೆಗೆ ಕೈಗವಸಿಗೆ 2 ದೆನಿಯೆ. ಹಂದಿಯನ್ನು ಬರಿಗೈಯಲ್ಲಿ ಮುಟ್ಟಿ ನೇಣಿಗೇರಿಸಿದರೆ ನ್ಯಾಯದೇವತೆಗೆ ಮೈಲಿಗೆಯಾಗುತ್ತಿತ್ತೇನೋ. ಮಗುವನ್ನು ಕಳೆದುಕೊಂಡವರಿಗೆಂದು ಒಂದು ದೆನಿಯೆಯೂ ಆ ಪಟ್ಟಿಯಲ್ಲಿಲ್ಲ.

ಐದು ವರ್ಷದ ನಂತರ ಫ್ರಾನ್ಸಿನದೇ ಪೊಂ-ದ-ಲಾರ್ಶ್ ಊರಿನ ಸೆರೆಮನೆಯಲ್ಲಿ ಇನ್ನೊಂದು ಹಂದಿ. ಅದರ ಊಟಕ್ಕೆ ದಿನಕ್ಕೆ 2 ದೆನಿಯೆ, ಅಂದರೆ ಮನುಷ್ಯ ಕೈದಿಗೆ ಕೊಡುವಷ್ಟೇ. ಸಮಾನತೆ ಎಂದರೆ ಇದು. ಪಕ್ಕದ ಕೋಣೆಯ ಕಳ್ಳ ಇದನ್ನು ಕೇಳಿ ಹಿಗ್ಗಿದನೋ ಕುಗ್ಗಿದನೋ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ನಮ್ಮಲ್ಲಿದ್ದಾರೆ. 1474ರಲ್ಲಿ ಇಂದಿನ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಂಜ ಮೊಟ್ಟೆ ಇಟ್ಟಿತು ಎಂದಾಗ, ಮೊಟ್ಟೆಯ ಸಮೇತ ಅದನ್ನು ಸುಟ್ಟುಬಿಡಿ ಎಂದರು. ಹುಂಜದ ಮೊಟ್ಟೆಯಿಂದ ನೋಟದಲ್ಲೇ ಕೊಲ್ಲುವ ಸರ್ಪ ಹುಟ್ಟುತ್ತದೆ ಎಂಬುದು ಅಂದಿನ ನಂಬಿಕೆ. ನಿಜಕ್ಕೂ ಇಟ್ಟದ್ದು ಹುಂಜವೇ ಎಂದು ಕೇಳುವ ಧೈರ್ಯ ಒಬ್ಬರಿಗೂ ಬರಲಿಲ್ಲ.

ಆದರೆ ನನಗೆ ಅಚ್ಚುಮೆಚ್ಚಿನದು ಫ್ರಾನ್ಸಿನ ಬರ್ಗಂಡಿ ಸೀಮೆಯ ಸವಿನ್ಯೀ ಊರಿನ ಮೊಕದ್ದಮೆ, 1457ರದು. ಅಲ್ಲಿ ಐದು ವರ್ಷದ ಹುಡುಗನನ್ನು ಕೊಂದ ತಾಯಿ ಹಂದಿಯ ಜೊತೆಗೆ ಆರು ಮರಿಗಳೂ ಆರೋಪಿಗಳು. ಸಾಕ್ಷಿಗಳು ಬಂದರು, ವಾದ ನಡೆಯಿತು. ತಾಯಿಗೆ ಹಿಂಗಾಲು ಕಟ್ಟಿ ನೇತುಹಾಕುವ ಶಿಕ್ಷೆಯಾಯಿತು. ನಿನ್ನದೇನಾದರೂ ತಕರಾರಿದೆಯೇ ಎಂದು ಹಂದಿಯ ಒಡೆಯನನ್ನು ಕೇಳಿದರು. ಇಲ್ಲ ಎಂದನು. ಹಂದಿಯನ್ನು ಬೀದಿಗೆ ಬಿಟ್ಟವನಿಗೆ ತಕರಾರು ಏಕಿರುತ್ತದೆ?

ಮರಿಗಳ ಮೈಮೇಲೆ ರಕ್ತವಿತ್ತು. ಆದರೆ ಅವು ತಿಂದದ್ದನ್ನು ಕಂಡವರಿರಲಿಲ್ಲ. ಮುಂದೆ ಇವುಗಳ ನಡತೆಗೆ ಹೊಣೆಯಾಗುತ್ತೀಯಾ ಎಂದರೆ ಒಡೆಯ ಆಗದೆಂದು ಕೈಯೆತ್ತಿದನು. ಕೆಲವು ವಾರಗಳ ಬಳಿಕ ನ್ಯಾಯಾಲಯ ಮತ್ತೆ ಸೇರಿ, ಪುರಾವೆ ಸಾಲದೆ ಬದುಕಿ ಉಳಿದ ಆರೂ ಮರಿಗಳನ್ನು ವಾರಸುದಾರರಿಲ್ಲದ ಸ್ವತ್ತೆಂದು ಸವಿನ್ಯೀಯ ಜಹಗೀರಿನ ಒಡತಿಗೆ ಒಪ್ಪಿಸಿತು. ಆ ಊರಿನ ನ್ಯಾಯಾಲಯವೂ ಅವಳದೇ.